ಜನ ಎಲ್ಲಿ ಕಾಯುತ್ತಾರೆ? ರಾತ್ರಿ ಬೀದಿಯಲ್ಲಿ ಏನಾದರೂ ಕಟ್ಟುವ ಮುನ್ನ ಇದನ್ನು ಓದಿ

"ನಮ್ಮ ಪಬ್ ಬೀದಿಯಲ್ಲಿ ಗಲಾಟೆ ಜಾಸ್ತಿ ಆಗಿದೆ. ಲೈಟು, ಮ್ಯೂಸಿಕ್ಕು, ಜನ ಮುಟ್ಟಿ ಆಡುವಂಥದ್ದು ಏನಾದರೂ ಇಡೋಣ ಅಂತಿದ್ದೇವೆ. ಏನಿಟ್ಟರೆ ಒಳ್ಳೇದು?"

ಈ ಪ್ರಶ್ನೆ ಸ್ವಲ್ಪ ಆಚೀಚೆಯಾಗಿ ನನಗೆ ಮತ್ತೆ ಮತ್ತೆ ಬರುತ್ತಿರುತ್ತದೆ. ಬಾರ್ ಮಾಲೀಕರು ಕೇಳುತ್ತಾರೆ, ನಗರಾಡಳಿತದ ಎಂಜಿನಿಯರ್‌ಗಳು ಕೇಳುತ್ತಾರೆ, ಡಿಸೈನ್ ಓದುತ್ತಿರುವವರು ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಏನಿಡಬೇಕು ಅನ್ನುವುದನ್ನು ಕೊನೆಗೆ ಕೇಳಿ. ಮೊದಲು ಕೇಳಬೇಕಾದ ಪ್ರಶ್ನೆ: ಈ ಬೀದಿಯಲ್ಲಿ ಜನ ಎಲ್ಲೆಲ್ಲಿ ಕಾಯುತ್ತಾ ನಿಲ್ಲುತ್ತಾರೆ? ನಡೆದು ಹೋಗುತ್ತಿರುವವರು ಜಗಳಕ್ಕೆ ನಿಲ್ಲುವುದು ಕಡಿಮೆ. ಗಾಡಿಗೆ ಕಾದು, ಶೌಚಾಲಯಕ್ಕೆ ಕಾದು, ಒಳಗೆ ಬಿಡ್ತಾರೋ ಇಲ್ವೋ ಅಂತ ಬೌನ್ಸರ್ ಮುಖ ನೋಡುತ್ತಾ ಕಾದು ರೋಸಿ ಹೋದವರ ನಡುವೆ ಯಾರದೋ ಮೊಣಕೈ ಯಾರಿಗೋ ತಾಗುತ್ತದೆ. ಅಲ್ಲಿಂದ ಶುರು. ನೀವು ಕಟ್ಟುವ ಯಾವುದೇ ವಸ್ತು ಈ ಕಾಯುವಿಕೆಯನ್ನು ಕಡಿಮೆ ಮಾಡಬೇಕು, ಇಲ್ಲವೇ ಹಗುರ ಮಾಡಬೇಕು. ಎರಡೂ ಆಗದಿದ್ದರೆ ಅದು ಬರೀ ಅಲಂಕಾರ.

ಇಂಟರ್‌ಆಕ್ಟಿವ್ ಅನ್ನುವ ಪದ ಮುಂದೆ ಪದೇ ಪದೇ ಬರುತ್ತದೆ. ಅಂದರೆ, ನೀವು ಏನಾದರೂ ಮಾಡಿದರೆ ತಾನೂ ತಿರುಗಿ ಏನಾದರೂ ಮಾಡುವಂಥದ್ದು. ಹೆಜ್ಜೆ ಇಟ್ಟರೆ ನೆಲ ಬೆಳಗುತ್ತದೆ, ಗುಂಡಿ ಒತ್ತಿದರೆ ಆ ಕಡೆಯಿಂದ ಯಾರೋ ಮಾತಾಡುತ್ತಾರೆ. ಅದಕ್ಕೆ ಸೆನ್ಸರ್, ಕಂಪ್ಯೂಟರ್ ಇರಲೇಬೇಕು ಅಂತೇನಿಲ್ಲ. ಬೇಕಾದ ಕಡೆ ತಿರುಗಿಸಿಕೊಂಡು ಕೂರಬಹುದಾದ ಕುರ್ಚಿಯೂ ಇದೇ ಜಾತಿಗೆ ಸೇರಿದ್ದು.

ಶುರು ಮಾಡಲು ಏನು ಬೇಕು

ಬೀದಿಯ ಅಳತೆಗಳಿರುವ ನಕ್ಷೆ. ಉದ್ದದ ಟೇಪು, ಸೀಮೆಸುಣ್ಣ, ನೋಟ್‌ಬುಕ್ಕು. ಒಂದು ಲಕ್ಸ್ ಮೀಟರ್. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಅನ್ನುವ ಅಳತೆ. ಮೊಬೈಲ್ ಆಪ್‌ಗಳೂ ಇವೆ. ಎರಡು ಜಾಗಗಳನ್ನು ಹೋಲಿಸಿ ನೋಡಲು ಅವು ಸಾಕು, ವರದಿಯಲ್ಲಿ ಅಂಕಿ ಬರೆಯಲು ಸಾಲದು.

ಕನಿಷ್ಠ ಮೂರು ವಾರಾಂತ್ಯದ ರಾತ್ರಿಗಳು ಬೇಕು. ನಗರಾಡಳಿತ, ಪೊಲೀಸ್, ಅಗ್ನಿಶಾಮಕ ಮತ್ತು ವಿದ್ಯುತ್ ಇಲಾಖೆಗಳ ಜೊತೆ ಮೊದಲ ವಾರವೇ ಮಾತಾಡಿ. ವಿನ್ಯಾಸ ಮುಗಿಸಿಕೊಂಡು ಹೋದರೆ ಅಗ್ನಿಶಾಮಕದವರು "ನಮ್ಮ ವಾಹನ ಎಲ್ಲಿ ಹೋಗಬೇಕು?" ಅಂತ ಕೇಳುತ್ತಾರೆ. ನೀವು ನಕ್ಷೆ ಮಡಚಿಕೊಂಡು ವಾಪಸ್ ಬರುತ್ತೀರಿ.

ದುಡ್ಡನ್ನು ಶುರುವಿನಲ್ಲೇ ಎರಡು ಪಾಲು ಮಾಡಿ. ಕಟ್ಟುವುದಕ್ಕೆ ಒಂದು, ನೋಡಿಕೊಳ್ಳುವುದಕ್ಕೆ ಒಂದು. ಎರಡನೆಯ ಪಾಲಿಲ್ಲದೆ ಶುರುವಾದ ಕೆಲಸಗಳ ಗತಿ ನೋಡಿದ್ದೇನೆ. ಆರು ತಿಂಗಳಲ್ಲಿ ಅರ್ಧ ದೀಪ ಸತ್ತಿರುತ್ತವೆ. ಕೆಟ್ಟು ನಿಂತ ವಸ್ತು "ಈ ಜಾಗ ಯಾರಿಗೂ ಬೇಡ" ಅಂತ ಸಾರುತ್ತದೆ. ಖಾಲಿ ಜಾಗ ಅಷ್ಟು ಕೆಟ್ಟದಾಗಿ ಮಾತಾಡುವುದಿಲ್ಲ.

ಹಂತ 1: ರಾತ್ರಿ ಹೋಗಿ ನೋಡಿ

ಹಗಲು ನೋಡಿದ ಬೀದಿಯೇ ಬೇರೆ. ಒಂದೇ ರಾತ್ರಿಯಲ್ಲಿ ಮೂರು ಸುತ್ತು ಹಾಕಿ: ಜನ ಬಂದು ಸೇರುವಾಗ, ಬೀದಿ ತುಂಬಿ ಗಿಜಿಗುಡುವಾಗ, ಬಾರ್‌ಗಳು ಬಾಗಿಲು ಹಾಕಿದ ಮೇಲಿನ ಒಂದು ಗಂಟೆ. ಬಹಳಷ್ಟು ತಂಡಗಳು ಮೊದಲೆರಡು ಸುತ್ತು ಮುಗಿಸಿ ಮನೆಗೆ ಹೋಗಿಬಿಡುತ್ತವೆ. ಮೂರನೆಯದೇ ಮುಖ್ಯ.

ಬಾಗಿಲು ಹಾಕುವ ಹೊತ್ತಿಗೆ ಒಂದು ಮೂಲೆಯಲ್ಲಿ ನಿಂತು ಇಪ್ಪತ್ತು ನಿಮಿಷ ಸುಮ್ನೆ ನೋಡಿ. ಒಳಗಿನ ಸದ್ದು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿರುವುದರಿಂದ ಹೊರಗೆ ಬಂದವರೆಲ್ಲ ಕೂಗಿಯೇ ಮಾತಾಡುತ್ತಾರೆ. ಬಾಗಿಲಿನ ಎದುರೇ ಗುಂಪು ನಿಲ್ಲುತ್ತದೆ, ಯಾಕೆಂದರೆ ಒಬ್ಬ ಇನ್ನೂ ಒಳಗಿದ್ದಾನೆ. ಅವನಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ಗಾಡಿ ಬುಕ್ ಮಾಡಿದವಳು ಫೋನಿನ ಮ್ಯಾಪ್ ನೋಡುತ್ತಾ ಅಲ್ಲಿಗೂ ಇಲ್ಲಿಗೂ ನಡೆಯುತ್ತಾಳೆ, ಡ್ರೈವರ್ ಬೀದಿಯ ಆ ತುದಿಯಲ್ಲಿ ನಿಂತು ಹಾರನ್ ಮಾಡುತ್ತಾನೆ. ಚಪ್ಪಲಿ ಕೈಯಲ್ಲಿ ಹಿಡಿದ ಒಬ್ಬಳು ಕೂರಲು ಜಾಗ ಸಿಗದೆ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕುಸಿಯುತ್ತಾಳೆ. ಆ ಮೆಟ್ಟಿಲು ಕತ್ತಲಲ್ಲಿದೆ. ನಿಮ್ಮ ಕೆಲಸದ ಪಟ್ಟಿ ಆ ಇಪ್ಪತ್ತು ನಿಮಿಷದಲ್ಲೇ ಸಿಕ್ಕಿತು.

ನಕ್ಷೆಯ ಮೇಲೆ ಮೂರು ಬಣ್ಣ ಬಳಸಿ. ಜನ ಕಾಯುವ ಕಡೆ ಒಂದು, ದಾರಿ ಕಟ್ಟಿಕೊಳ್ಳುವ ಕಡೆ ಇನ್ನೊಂದು, ಜನ ಸುತ್ತು ಹಾಕಿ ತಪ್ಪಿಸಿಕೊಂಡು ಹೋಗುವ ಕಡೆ ಮೂರನೆಯದು. ಮೂರನೆಯ ಬಣ್ಣವನ್ನು ನೀವೊಬ್ಬರೇ ತುಂಬಲಾರಿರಿ. ಯಾರು ಯಾವ ಸಂದಿಯನ್ನು ಬಿಟ್ಟು ನಡೆಯುತ್ತಾರೆ ಅನ್ನುವುದು ಅವರವರಿಗೇ ಗೊತ್ತು. ಕೆನಡಾದ ಟೊರಾಂಟೊದಲ್ಲಿ ಮೆಟ್ರಾಕ್ ಅನ್ನುವ ಸಂಸ್ಥೆ 1989ರಲ್ಲೇ ಇದಕ್ಕೊಂದು ವಿಧಾನ ರೂಪಿಸಿತು. ಅದರ ಹೆಸರು ಸುರಕ್ಷತಾ ಆಡಿಟ್. ಮಹಿಳೆಯರ ಸಣ್ಣ ಗುಂಪು ಕತ್ತಲಾದ ಮೇಲೆ ಜಾಗವನ್ನು ನಡೆದು ನೋಡುತ್ತದೆ. ಎಲ್ಲಿ ಭಯವಾಯಿತು, ಯಾಕೆ, ಕೂಗಿದರೆ ಕೇಳಿಸುತ್ತದೆಯೇ, ಓಡಿಹೋಗಲು ಎಷ್ಟು ದಾರಿ ಇದೆ ಅಂತ ಬರೆದುಕೊಳ್ಳುತ್ತದೆ. ಇಂದಿಗೂ ಇದಕ್ಕಿಂತ ಒಳ್ಳೆಯ ಶುರು ನನಗೆ ಗೊತ್ತಿಲ್ಲ. ಗುಂಪಿನಲ್ಲಿ ಗಾಲಿಕುರ್ಚಿ ಬಳಸುವವರು, ಕಸ ಗುಡಿಸುವವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ಅಡುಗೆಯವರೂ ಇರಲಿ. ಗಿರಾಕಿಗಳನ್ನು ಮಾತ್ರ ಕೇಳುವುದು ಸಾಮಾನ್ಯ ತಪ್ಪು. ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಇರುವವರು ಕೆಲಸಗಾರರು.

ಹಂತ 2: ತಂತ್ರಜ್ಞಾನ ಬೇಡದ ಕೆಲಸ ಮೊದಲು ಮುಗಿಸಿ

ಕಾಯುವ ಜಾಗಗಳ ಪಟ್ಟಿ ಮಾಡಿದ ಮೇಲೆ ಪ್ರತಿಯೊಂದರ ಎದುರೂ ಬರೆಯಿರಿ: ಈ ಕಾಯುವಿಕೆಯನ್ನೇ ಇಲ್ಲವಾಗಿಸಬಹುದೇ?

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಿಂಗ್ಸ್ ಕ್ರಾಸ್ ಅನ್ನುವ ಪ್ರದೇಶ ಇದೆ, ಪಬ್ಬು ಕ್ಲಬ್ಬುಗಳಿಂದ ತುಂಬಿದ್ದ ಕಡೆ. ಕುಡಿತ, ಹೊಡೆದಾಟಕ್ಕೆ ಹೆಸರಾಗಿದ್ದ ಜಾಗ. ಸಿಡ್ನಿಯ ತಾಂತ್ರಿಕ ವಿಶ್ವವಿದ್ಯಾಲಯದ ಡಿಸೈನ್ ಪ್ರಾಧ್ಯಾಪಕ ಕೀಸ್ ಡಾರ್ಸ್ಟ್ ಮತ್ತು ಅವರ ತಂಡ ಇದನ್ನು ಅಪರಾಧದ ಸಮಸ್ಯೆ ಅಂತ ನೋಡುವುದನ್ನೇ ಬಿಟ್ಟರು. ಬದಲಿಗೆ ಕೇಳಿಕೊಂಡರು: ಇದೇ ಜನ ಒಂದು ಸಂಗೀತ ಉತ್ಸವಕ್ಕೆ ಬಂದಿದ್ದರೆ ನಾವು ಏನೇನು ಏರ್ಪಾಡು ಮಾಡುತ್ತಿದ್ದೆವು? ಉತ್ತರ ತಾನಾಗಿಯೇ ಬಂತು. ವಾಪಸ್ ಹೋಗಲು ವಾಹನ, ಸಾಕಷ್ಟು ಶೌಚಾಲಯ, ಕೂತು ಸುಧಾರಿಸಿಕೊಳ್ಳುವ ಜಾಗ, ದಾರಿ ತೋರಿಸುವ ಜನ, ಒಂದು ಕಡೆ ಜಾಗ ಸಿಗದಿದ್ದರೆ ಹೋಗಲು ಇನ್ನೊಂದು ಆಕರ್ಷಣೆ. ಸಂಜೆ ರೈಲಿನಲ್ಲಿ ಬಂದ ಯುವಕರಿಗೆ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಕೊನೆಯ ರೈಲು ಹೋಗಿಬಿಡುತ್ತಿತ್ತು. ಅದು ತಪ್ಪಿದವರು ಬೆಳಗಿನವರೆಗೆ ಬೀದಿಯಲ್ಲೇ ಅಲೆಯುತ್ತಿದ್ದರು. ಬೇರೆ ಏನು ಮಾಡಬೇಕಿತ್ತು ಅವರು?

ಆಮೇಲೆ 2014ರಲ್ಲಿ ಅಲ್ಲಿನ ಸರ್ಕಾರ ರಾತ್ರಿ ಒಂದೂವರೆ ನಂತರ ಬಾರ್‌ಗಳು ಹೊಸಬರನ್ನು ಒಳಗೆ ಬಿಡಬಾರದು ಅನ್ನುವ ಕಟ್ಟುನಿಟ್ಟಿನ ನಿಯಮ ತಂದಿತು. 2021ರಲ್ಲಿ ಕಿಂಗ್ಸ್ ಕ್ರಾಸ್‌ನಲ್ಲಿ ಅದನ್ನು ತೆಗೆಯಿತು. ನಿಯಮ ಸರಿಯೋ ತಪ್ಪೋ ಅನ್ನುವ ವಾದ ಇಲ್ಲಿ ಬೇಡ. ನಿಮ್ಮ ಕೈಯಲ್ಲಿರುವುದು ನಿಯಮವಲ್ಲ, ಜಾಗ.

ಹಾಗಾಗಿ ಗಾಡಿ ಹತ್ತುವ ಜಾಗ ಒಂದನ್ನು ಗೊತ್ತು ಮಾಡಿ. ದೊಡ್ಡ ಅಂಕಿ ಬರೆದ ಕಂಬಗಳನ್ನು ನಿಲ್ಲಿಸಿ. "ನಾನು 4ನೇ ಕಂಬದ ಹತ್ತಿರ ಇದ್ದೇನೆ" ಅಂದರೆ ಡ್ರೈವರ್‌ಗೂ ಗೊತ್ತಾಗುತ್ತದೆ, ಗೆಳೆಯರಿಗೂ ಗೊತ್ತಾಗುತ್ತದೆ, ಆಂಬುಲೆನ್ಸ್‌ಗೂ ಗೊತ್ತಾಗುತ್ತದೆ. ಅತಿ ಕಡಿಮೆ ಖರ್ಚಿನಲ್ಲಿ ಅತಿ ಜಾಸ್ತಿ ಕೆಲಸ ಮಾಡುವುದು ಈ ಅಂಕಿ ಕಂಬವೇ. ಇದನ್ನು ಹೇಳಿದಾಗ ಡಿಸೈನ್ ವಿದ್ಯಾರ್ಥಿಗಳ ಮುಖ ಸಪ್ಪಗಾಗುತ್ತದೆ, ಇರಲಿ.

ಶೌಚಾಲಯದ ವಿಷಯದಲ್ಲಿ ಒಂದು ಎಚ್ಚರಿಕೆ. ಹಗಲು ನೆಲದೊಳಗೆ ಇಳಿದು ರಾತ್ರಿ ಮೇಲೇಳುವ ಗಂಡಸರ ಮೂತ್ರಾಲಯಗಳು ಯೂರೋಪಿನ ಹಲವು ಊರುಗಳಲ್ಲಿವೆ. ನೋಡಲು ಜಾಣತನ ಅನ್ನಿಸುತ್ತದೆ. ಹೆಂಗಸರು ಎಲ್ಲಿ ಹೋಗಬೇಕು? 2017ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕೋರ್ಟಿನಲ್ಲಿ, ರಾತ್ರಿ ರಸ್ತೆ ಬದಿ ಮೂತ್ರಕ್ಕೆ ಕೂತದ್ದಕ್ಕೆ ದಂಡ ಬಿದ್ದ ಯುವತಿಗೆ ಗಂಡಸರ ಮೂತ್ರಾಲಯವನ್ನೇ ಬಳಸಬಹುದಿತ್ತು ಅಂತ ನ್ಯಾಯಾಧೀಶರು ಹೇಳಿದಾಗ ಪ್ರತಿಭಟನೆಯೇ ಆಯಿತು. ಎಲ್ಲರಿಗೂ ಬಾಗಿಲಿರುವ, ಬೆಳಕಿರುವ, ಒಬ್ಬರು ನೋಡಿಕೊಳ್ಳುವ ಶೌಚಾಲಯವೇ ಬೇಕು.

ಹಂತ 3: ಅಗಲ ಅಳೆಯಿರಿ, ಇಡಬಾರದ ಜಾಗ ಗುರುತಿಸಿ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ನೀವು ಇಡುವ ವಸ್ತು ಚೆನ್ನಾಗಿದ್ದರೆ ಜನ ನಿಂತು ನೋಡುತ್ತಾರೆ. ನಿಂತರೆ ದಾರಿ ಕಟ್ಟುತ್ತದೆ. ಅಂದರೆ ಅದು ಗೆದ್ದಷ್ಟೂ ಅಪಾಯ ಹೆಚ್ಚು.

2022ರ ಅಕ್ಟೋಬರ್ 29ರ ರಾತ್ರಿ ದಕ್ಷಿಣ ಕೊರಿಯಾದ ಸೋಲ್ ನಗರದ ಇಟೆವಾನ್ ಬಡಾವಣೆಯ ಓಣಿಯೊಂದರಲ್ಲಿ ನೂಕುನುಗ್ಗಲಾಗಿ 159 ಜನ ಸತ್ತರು. ಅದು ಇಳಿಜಾರಿನ ಓಣಿ. ತೀರಾ ಕಿರಿದಾದ ಕಡೆ ಅದರ ಅಗಲ ಬರೀ 3.2 ಮೀಟರ್. ಇಂಥ ಕಡೆ ಸಾವು ಬರುವುದು ಹೆಚ್ಚಾಗಿ ತುಳಿತದಿಂದಲ್ಲ, ನಿಂತಲ್ಲೇ ಎದೆ ಒತ್ತಿ ಉಸಿರು ಕಟ್ಟಿ.

ಜನಸಾಂದ್ರತೆ ಅಂದರೆ ಒಂದು ಚದರ ಮೀಟರಿನಲ್ಲಿ ಎಷ್ಟು ಜನ ನಿಂತಿದ್ದಾರೆ ಅನ್ನುವ ಲೆಕ್ಕ. ಇದನ್ನು ಕಾಗದದ ಮೇಲೆ ಕಲಿಯಬೇಡಿ. ಸೀಮೆಸುಣ್ಣದಿಂದ ನೆಲದ ಮೇಲೆ ಒಂದು ಮೀಟರಿನ ಚೌಕ ಬರೆದು ನಿಮ್ಮ ತಂಡದವರನ್ನೇ ನಿಲ್ಲಿಸಿ. ಇಬ್ಬರು ಆರಾಮ. ನಾಲ್ವರಾದಾಗ ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುತ್ತದೆ, ಕೈ ಎತ್ತಿ ಫೋನ್ ನೋಡುವುದೂ ಕಷ್ಟ. ಐದು ದಾಟಿದ ಮೇಲೆ ನಿಮ್ಮ ಹೆಜ್ಜೆ ನಿಮ್ಮ ಮಾತು ಕೇಳುವುದಿಲ್ಲ, ಗುಂಪು ತಳ್ಳಿದ ಕಡೆ ಹೋಗುತ್ತೀರಿ. ಒಮ್ಮೆ ಆ ಚೌಕದೊಳಗೆ ನಿಂತವರಿಗೆ ಮತ್ತೆ ಏನೂ ವಿವರಿಸಬೇಕಾಗುವುದಿಲ್ಲ.

ಈಗ ನಕ್ಷೆಯ ಮೇಲೆ ಗೀಟು ಹಾಕಿ ಬಿಡಿ. ಓಣಿಗಳು, ಇಳಿಜಾರು, ಮೆಟ್ಟಿಲಿನ ಬುಡ, ರೈಲು ನಿಲ್ದಾಣದ ಬಾಗಿಲು, ತುರ್ತು ಬಾಗಿಲು, ಬಾರ್‌ಗಳ ಪ್ರವೇಶದ್ವಾರ: ಇಲ್ಲೆಲ್ಲ ಏನೂ ಇಡುವಂತಿಲ್ಲ. ಉಳಿದ ಕಡೆಯೂ ವಸ್ತುವಿನ ಎದುರು ನೋಡುವವರು ನಿಲ್ಲುವ ಜಾಗ ಬಿಟ್ಟು, ಅದರಾಚೆ ಎರಡು ಗಾಲಿಕುರ್ಚಿಗಳು ಎದುರುಬದುರು ದಾಟುವಷ್ಟು ಅಗಲ, ಅಂದರೆ ಕನಿಷ್ಠ 1.8 ಮೀಟರ್, ಖಾಲಿ ಉಳಿಯಲೇಬೇಕು. ಇದು ತೀರಾ ಕನಿಷ್ಠ. ವಾರಾಂತ್ಯದ ಗುಂಪಿಗೆ ಇದರ ಎರಡು ಮೂರು ಪಟ್ಟು ಬೇಕು.

ಹಂತ 4: ಬೆಳಕು

"ಇನ್ನಷ್ಟು ದೀಪ ಹಾಕಿ" ಅನ್ನುವುದು ಎಲ್ಲರ ಸಲಹೆ. ಅರ್ಧ ಸರಿ. ತುಂಬ ಪ್ರಖರವಾದ ಒಂದು ದೀಪ ತನ್ನ ಪಕ್ಕದಲ್ಲೇ ಗಾಢ ಕತ್ತಲನ್ನು ಹುಟ್ಟಿಸುತ್ತದೆ. ಕಣ್ಣು ಪ್ರಖರ ಬೆಳಕಿಗೆ ಹೊಂದಿಕೊಂಡಿರುತ್ತದೆ. ಅಲ್ಲಿಂದ ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತು ನಿಮಿಷದ ಮೇಲೆ ಬೇಕು. ಅಲ್ಲಿಯವರೆಗೆ ಆ ಮೂಲೆಯಲ್ಲಿ ಯಾರಿದ್ದರೂ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಬೆಳಕು ಎಷ್ಟಿದೆ ಅನ್ನುವುದಕ್ಕಿಂತ ಹೇಗೆ ಹರಡಿದೆ ಅನ್ನುವುದನ್ನು ನೋಡಿ.

ಪರೀಕ್ಷೆ ಸುಲಭ. ಗೆಳೆಯರೊಬ್ಬರನ್ನು ನಿಮ್ಮ ಕಡೆ ನಡೆದು ಬರಲು ಹೇಳಿ. 4 ಮೀಟರ್ ದೂರದಲ್ಲಿ ಅವರ ಮುಖಭಾವ ತಿಳಿಯಬೇಕು: ನಗುತ್ತಿದ್ದಾರಾ, ಸಿಟ್ಟಾಗಿದ್ದಾರಾ. ಅಷ್ಟು ದೂರವಿದ್ದರೆ ಬದಿಗೆ ಸರಿಯಲು ಸಮಯ ಸಿಗುತ್ತದೆ. ಇಲ್ಲೇ ಬಹಳ ಯೋಜನೆಗಳು ಎಡವುತ್ತವೆ. ಲಕ್ಸ್ ಮೀಟರನ್ನು ನೆಲದ ಮೇಲಿಟ್ಟು ಅಳೆದು "ಸಾಕು" ಅಂತ ಬರೆಯುತ್ತಾರೆ. ದೀಪ ನೆತ್ತಿಯ ಮೇಲಿದ್ದರೆ ನೆಲ ಬೆಳಗುತ್ತದೆ, ಮುಖ ನೆರಳಲ್ಲಿ ಉಳಿಯುತ್ತದೆ. ಮೀಟರನ್ನು ಮುಖದ ಎತ್ತರದಲ್ಲಿ ನೆಟ್ಟಗೆ ಹಿಡಿದೂ ಅಳೆಯಿರಿ.

ಇನ್ನೊಂದು ಪದ: ಬಣ್ಣ ತೋರಿಸುವ ಗುಣ. ಒಂದು ದೀಪದ ಕೆಳಗೆ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವುದಕ್ಕೆ 100ರವರೆಗಿನ ಒಂದು ಅಂಕ ಇದೆ. ಹಳೆಯ ಹಳದಿ ಸೋಡಿಯಂ ದೀಪಗಳಿಗೆ 20ರಿಂದ 25ರ ಸುಮಾರು. ಅವುಗಳ ಕೆಳಗೆ ಕೆಂಪು ಶರ್ಟೂ ಕಂದು ಶರ್ಟೂ ಒಂದೇ. ಪೊಲೀಸರಿಗೆ ಗುರುತು ಹೇಳುವವರ ಪಾಡು ಯೋಚಿಸಿ. ಒಳ್ಳೆಯ ಎಲ್‌ಇಡಿ ದೀಪಗಳು 80 ದಾಟುತ್ತವೆ. ಅಂಥದ್ದನ್ನೇ ಕೇಳಿ ತನ್ನಿ.

ನೀಲಿ ಬೆಳಕು ಹಾಕಿದರೆ ಅಪರಾಧ ಇಳಿಯುತ್ತದಂತೆ ಅಲ್ವಾ, ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಬೀದಿಯ ಅಂದಕ್ಕೆಂದು ನೀಲಿ ದೀಪ ಹಾಕಿದ ಮೇಲೆ ಹರಡಿದ ಮಾತು ಅದು. ಮಾತು ಹರಡಿದಷ್ಟು ಪುರಾವೆ ಹರಡಲಿಲ್ಲ. ನೀಲಿ ಬೆಳಕಲ್ಲಿ ಮುಖ ಸರಿಯಾಗಿ ಕಾಣದು, ಗಾಯವೂ ಕಾಣದು. ಬಣ್ಣದ ಬೆಳಕು ಬೇಕಿದ್ದರೆ ಗೋಡೆಗೆ, ಮರಕ್ಕೆ, ಕಮಾನಿಗೆ ಹಾಕಿ. ಜನ ನಡೆಯುವ ದಾರಿಗೆ ಬೆಚ್ಚನೆಯ ಬಿಳಿ ಇರಲಿ. ದೀಪದ ಪೆಟ್ಟಿಗೆಯ ಮೇಲೆ 2700ರಿಂದ 3000 ಕೆಲ್ವಿನ್ ಅಂತ ಬರೆದಿರುತ್ತದೆ. ಕೆಲ್ವಿನ್ ಅಂದರೆ ಇಲ್ಲಿ ಬೆಳಕಿನ ಬಣ್ಣದ ಅಳತೆ.

ದೀಪವನ್ನೇ ಇಂಟರ್‌ಆಕ್ಟಿವ್ ಮಾಡುವ ಆಸೆ ಬರುವುದು ಸಹಜ. ಯಾರಾದರೂ ಬಂದಾಗ ಹೊತ್ತಿ, ಹೋದ ಮೇಲೆ ಮಬ್ಬಾಗುವ ದೀಪ. ಎಚ್ಚರಿಕೆ: ಒಂಟಿಯಾಗಿ ನಡೆಯುವವರ ಮೇಲೆ ಬೆಳಕು ಹಿಂಬಾಲಿಸಿದರೆ ಇಡೀ ಬೀದಿಗೆ ಅವರು ಕಾಣುತ್ತಾರೆ, ಅವರಿಗೆ ಮಾತ್ರ ಯಾರೂ ಕಾಣುವುದಿಲ್ಲ. ಬೆಳಗಿದರೆ ಅವರ ಮುಂದಿನ ದಾರಿ ಬೆಳಗಬೇಕು, ಅದೂ ಇಪ್ಪತ್ತು ಮೂವತ್ತು ಮೀಟರ್ ಮೊದಲೇ. ದೀಪ ಮಬ್ಬಾದರೂ ಪೂರ್ತಿ ಆರಬಾರದು.

ಬಾರ್ ಮುಚ್ಚುವ ಹೊತ್ತಿಗೆ ಒಮ್ಮೆಲೇ ಫ್ಲಡ್‌ಲೈಟ್ ಹಾಕುವ ಪದ್ಧತಿಯನ್ನೂ ನಾನು ಒಪ್ಪುವುದಿಲ್ಲ. ಕಣ್ಣು ಕುಕ್ಕುತ್ತದೆ, ದನ ಅಟ್ಟಿದ ಹಾಗೆ ಅನ್ನಿಸುತ್ತದೆ, ಇದ್ದ ಒಳ್ಳೆಯ ಮನಸ್ಸೂ ಕೆಡುತ್ತದೆ. ಅರ್ಧ ಗಂಟೆಯಲ್ಲಿ ನಿಧಾನ ಏರಿಸಿ. ಗಾಡಿ ಸಿಗುವ ದಿಕ್ಕು ಉಳಿದ ಕಡೆಗಿಂತ ಸ್ವಲ್ಪ ಹೆಚ್ಚು ಬೆಳಗಲಿ. ಹೊಸ ಜಾಗದಲ್ಲಿ ಜನ ತಾವಾಗಿಯೇ ಬೆಳಕಿನ ಕಡೆ ನಡೆಯುತ್ತಾರೆ, ಕೂಗಿ ಹೇಳಬೇಕಾಗುವುದಿಲ್ಲ.

ಹಂತ 5: ಈಗ ಆಟ ಆರಿಸಿ

ಕೊನೆಗೂ ನಿಮ್ಮ ಮೂಲ ಪ್ರಶ್ನೆಗೆ ಬಂದೆವು. ಕಾಯುವವರ ಕೈಗೆ ಏನು ಕೊಡಬೇಕು?

ಒಂದು ಒಳ್ಳೆಯ ಮಾದರಿ ಕೆನಡಾದ ಮಾಂಟ್ರಿಯಲ್‌ನದು. 2011ರಲ್ಲಿ ಅಲ್ಲಿನ ಒಂದು ಬಯಲಲ್ಲಿ 21 ಉಯ್ಯಾಲೆ ಸಾಲಾಗಿ ಹಾಕಿದರು. ಒಂದೊಂದು ಉಯ್ಯಾಲೆ ತೂಗಿದಾಗ ಒಂದೊಂದು ಸ್ವರ. ಪಕ್ಕದವರ ಜೊತೆ ಲಯ ಹೊಂದಿಸಿ ತೂಗಿದರೆ ಮಾತ್ರ ಪೂರ್ತಿ ರಾಗ ಕೇಳುತ್ತದೆ. ಯಾರೂ ಏನೂ ವಿವರಿಸಬೇಕಿಲ್ಲ. ಗುರುತಿಲ್ಲದವರು ಪರಸ್ಪರ ನೋಡಿಕೊಂಡು ನಗುತ್ತಾರೆ. ಜಗಳಕ್ಕೆ ಮೊದಲು ಜನ ನೋಡುವ ನೋಟ ಬೇರೆ, ಇದು ಬೇರೆ. ಉಯ್ಯಾಲೆಯನ್ನೇ ಕುಡಿದವರ ಬೀದಿಗೆ ತಂದು ಹಾಕಬೇಡಿ ಮತ್ತೆ. ಅದರ ತತ್ವ ತನ್ನಿ: ಒಬ್ಬರಿಗೆ ಸ್ವಲ್ಪ, ಇಬ್ಬರಿಗೆ ಜಾಸ್ತಿ.

ನಾನು ಆಟ ಆರಿಸುವಾಗ ಹೀಗೆ ನೋಡುತ್ತೇನೆ. ಓದದೆ, ಕೇಳದೆ ಹತ್ತು ಸೆಕೆಂಡಲ್ಲಿ ಅರ್ಥವಾಗಬೇಕು. ಒಂದು ಸುತ್ತು ಒಂದು ನಿಮಿಷದೊಳಗೆ ಮುಗಿಯಬೇಕು, ಇಲ್ಲದಿದ್ದರೆ ಅದಕ್ಕೇ ಇನ್ನೊಂದು ಕ್ಯೂ ಹುಟ್ಟುತ್ತದೆ. ಸೋಲು ಗೆಲುವು ಇರಬಾರದು. ಗುದ್ದಿದ ಜೋರು ಅಳೆಯುವ ಯಂತ್ರ, ಕೂಗಿದ ಸದ್ದು ಅಳೆಯುವ ಯಂತ್ರ ಎರಡೂ ಬೇಡವೇ ಬೇಡ. ಅಂಥದ್ದನ್ನು ಇಟ್ಟ ಮೇಲೆ ಜನ ಗುದ್ದುತ್ತಾರೆ, ಕೂಗುತ್ತಾರೆ ಅಂತ ದೂರುವುದರಲ್ಲಿ ಅರ್ಥವಿಲ್ಲ. ಆಡಲು ಇಷ್ಟವಿಲ್ಲದವರನ್ನು ಆಟ ಎಳೆದುಕೊಳ್ಳಬಾರದು. ದಾರಿಹೋಕರ ಚಿತ್ರವನ್ನು ದೊಡ್ಡ ಪರದೆಯ ಮೇಲೆ ತೋರಿಸುವುದು ಕೆಲವರಿಗೆ ತಮಾಷೆ, ಕಣ್ಣಿಗೆ ಬೀಳದೆ ಮನೆ ಸೇರಬೇಕೆಂದಿರುವವರಿಗೆ ಹಿಂಸೆ.

ನಾನೂ ತಪ್ಪಿದ್ದೇನೆ. ಒಮ್ಮೆ ಹೆಜ್ಜೆಗೆ ಬೆಳಗುವ ನೆಲವನ್ನು ಶೌಚಾಲಯದ ಕ್ಯೂ ಪಕ್ಕದಲ್ಲೇ ಹಾಕಿಸಿದೆ. ಕಾಯುವವರಿಗೆ ಮನರಂಜನೆ ಆಗಲಿ ಅಂತ. ಕ್ಯೂನಲ್ಲಿದ್ದವರು ಆಡಲು ಸರಿದಾಗ ಹಿಂದಿದ್ದವರು ಮುಂದೆ ನುಗ್ಗಿದರು. ಆಡಿ ಬಂದವರು "ಇದು ನನ್ನ ಜಾಗ" ಅಂದರು. ಮೊದಲ ರಾತ್ರಿಯೇ ಕೈಕೈ ಮಿಲಾಯಿಸುವಷ್ಟಾಯಿತು. ಕಾಯುವವರು ತಮ್ಮ ಸರದಿ ಬಿಡದೆ, ನಿಂತಲ್ಲೇ ಆಡುವಂತಿರಬೇಕು. ಕೈ ಇಟ್ಟರೆ ನುಡಿಯುವ ಕಂಬಿ ಆಗಬಹುದು, ಒರಗಿದರೆ ಬಣ್ಣ ಬದಲಿಸುವ ಗೋಡೆ ಆಗಬಹುದು.

ಕೂರುವ ಜಾಗವನ್ನು ಮರೆಯಬೇಡಿ. ಒಬ್ಬರನ್ನೊಬ್ಬರು ನೋಡುವಂತೆಯೂ, ನೋಡದೆ ಇರುವಂತೆಯೂ ಕೂರಲು ಬರುವ ಬಾಗಿದ ಬೆಂಚು ಒಳ್ಳೆಯದು. ಬೆನ್ನ ಹಿಂದೆ ಗೋಡೆ ಇರಲಿ, ಎದುರು ಬಯಲಿರಲಿ. ಎತ್ತಿ ಎಸೆಯಬಹುದಾದ ಯಾವುದೂ ಸಡಿಲ ಇರಬಾರದು.

ಹಂತ 6: ಸಹಾಯ ಕೇಳುವ ಜಾಗ, ಮತ್ತು ಅಲ್ಲಿ ಒಬ್ಬ ಮನುಷ್ಯ

ಹೆಲ್ಪ್ ಬಟನ್ ಇರುವ ಕಂಬ ನೆಡುವುದು ಸುಲಭ. ಒತ್ತಿದರೆ ಯಾರು ಉತ್ತರ ಕೊಡುತ್ತಾರೆ? ರಾತ್ರಿ ಎರಡಕ್ಕೆ ಉತ್ತರಿಸುವವರ ಹೆಸರು, ಪಾಳಿ, ಅವರು ಅಲ್ಲಿಗೆ ತಲುಪಲು ಬೇಕಾದ ನಿಮಿಷ ಇವೆಲ್ಲ ಬರವಣಿಗೆಯಲ್ಲಿ ಇಲ್ಲದಿದ್ದರೆ ಕಂಬ ನೆಡಬೇಡಿ. ಒತ್ತಿ, ಉತ್ತರ ಬರದೆ ನಿಂತವರು ಮುಂದೆ ಯಾವ ಗುಂಡಿಯನ್ನೂ ನಂಬುವುದಿಲ್ಲ. ಗುಂಡಿ ನೆಲದಿಂದ 90ರಿಂದ 110 ಸೆಂಟಿಮೀಟರ್ ಎತ್ತರದಲ್ಲಿರಲಿ. ಕಂಬದಲ್ಲೇ ಹಂತ 2ರ ಅಂಕಿ ಇರಲಿ, ಫೋನ್ ಚಾರ್ಜ್ ಮಾಡುವ ಜಾಗ ಇರಲಿ, ಕುಡಿಯುವ ನೀರಿರಲಿ. ಚಾರ್ಜ್ ಇಲ್ಲದ ಫೋನು ಅಂದರೆ ಮನೆಗೆ ಹೋಗುವ ದಾರಿಯೇ ಮುಚ್ಚಿದ ಹಾಗೆ.

ಎಲ್ಲರೂ ನೋಡುವಂತೆ ಗುಂಡಿ ಒತ್ತಲು ಆಗದವರೂ ಇರುತ್ತಾರೆ. ಜೊತೆಗೆ ಬಂದವನೇ ತೊಂದರೆ ಕೊಡುತ್ತಿದ್ದರೆ? 2016ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ಒಂದು ಸರಳ ಉಪಾಯ ಶುರುವಾಯಿತು. ಕೌಂಟರಿಗೆ ಹೋಗಿ "ಏಂಜೆಲಾ ಇದ್ದಾರಾ?" ಅಂತ ಕೇಳಿದರೆ ಸಿಬ್ಬಂದಿಗೆ ಅರ್ಥವಾಗುತ್ತದೆ, ಸದ್ದಿಲ್ಲದೆ ಹೊರಗೆ ಕಳಿಸುತ್ತಾರೆ. ಶೌಚಾಲಯದ ಒಳಗೆ ಅಂಟಿಸಿದ ಪೋಸ್ಟರಿನಿಂದ ಇದು ಗೊತ್ತಾಗುತ್ತದೆ. ಇಂಥದ್ದನ್ನು ನೀವೂ ಮಾಡಬಹುದು. ಆದರೆ ಪೋಸ್ಟರ್ ಅಂಟಿಸಿ ಸಿಬ್ಬಂದಿಗೆ ಹೇಳಿಕೊಡದಿದ್ದರೆ ಕೌಂಟರಿನವನು "ಯಾವ ಏಂಜೆಲಾ?" ಅಂತ ಜೋರಾಗಿ ಕೇಳುತ್ತಾನೆ. ಈ ಬೀದಿಗಳಲ್ಲಿ ಕೆಲಸದವರು ಬೇಗ ಬೇಗ ಬದಲಾಗುತ್ತಾರೆ. ಪ್ರತಿ ಮೂರು ತಿಂಗಳಿಗೊಮ್ಮೆ ಮತ್ತೆ ಹೇಳಿಕೊಡಬೇಕು.

ಆಮ್‌ಸ್ಟರ್‌ಡ್ಯಾಮ್‌ನ ರೆಂಬ್ರಾಂಟ್ ಚೌಕದಲ್ಲಿ 2015ರಿಂದ ವಾರಾಂತ್ಯದ ರಾತ್ರಿಗಳಲ್ಲಿ ಕೆಂಪು ಜಾಕೆಟ್ ತೊಟ್ಟ ಆತಿಥೇಯರನ್ನು ನೇಮಿಸಿದರು. ಅವರು ಪೊಲೀಸರಲ್ಲ. ದಾರಿ ಹೇಳುತ್ತಿದ್ದರು, ಮಾತಾಡಿಸುತ್ತಿದ್ದರು, ಕಾವೇರುತ್ತಿರುವ ಜಗಳವನ್ನು ಶುರುವಿನಲ್ಲೇ ತಣ್ಣಗೆ ಮಾಡುತ್ತಿದ್ದರು. ನಿಮ್ಮ ಬಜೆಟ್‌ನಲ್ಲಿ ದೊಡ್ಡ ಪರದೆ ಅಥವಾ ಇಬ್ಬರು ಇಂಥ ಜನ, ಎರಡರಲ್ಲಿ ಒಂದೇ ಸಾಧ್ಯ ಅಂತಾದರೆ ಜನರನ್ನೇ ಆರಿಸಿ.

ಹಂತ 7: ಸೆನ್ಸರ್ ಹಾಕುವುದಾದರೆ

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ಊರಿನ ಸ್ಟ್ರಾಟುಮ್ಸೈಂಡ್ ಸುಮಾರು 225 ಮೀಟರ್ ಉದ್ದದ, ಬಾರ್‌ಗಳಿಂದಲೇ ತುಂಬಿದ ಬೀದಿ. ಅದನ್ನು ಒಂದು ಜೀವಂತ ಪ್ರಯೋಗಾಲಯ ಮಾಡಿದರು. ಜನರನ್ನು ಎಣಿಸುವ ಕ್ಯಾಮೆರಾ, ಸದ್ದು ಅಳೆಯುವ ಮೈಕು, ಬಣ್ಣ ಮತ್ತು ಪ್ರಖರತೆ ಬದಲಿಸಬಹುದಾದ ದೀಪಗಳು. ಬೆಳಕು ಬದಲಿಸಿದರೆ ಉದ್ವೇಗ ಇಳಿಯುತ್ತದೆಯೇ ಅಂತ ನೋಡುವುದು ಉದ್ದೇಶ. ಕುತೂಹಲದ ಕೆಲಸವೇ. ಆದರೆ ಬಿಯರ್ ಕುಡಿಯಲು ಬಂದವರಿಗೆ ತಾವು ಪ್ರಯೋಗದ ಭಾಗ ಅಂತ ಗೊತ್ತಿತ್ತೇ ಅನ್ನುವ ಪ್ರಶ್ನೆಯೂ ಎದ್ದಿತು.

ನಿಮ್ಮ ಬೀದಿಗೆ ಬೇಕಿರುವುದು "ಇಲ್ಲಿ ಈಗ ಎಷ್ಟು ಜನ ಇದ್ದಾರೆ" ಅನ್ನುವ ಅಂಕಿ, ಅಷ್ಟೆ. ಯಾರು ಅಂತ ಬೇಡ. ಎಣಿಕೆಯನ್ನು ಕ್ಯಾಮೆರಾದೊಳಗೇ ಮುಗಿಸಿ ಚಿತ್ರವನ್ನು ಉಳಿಸದೆ ಅಂಕಿ ಮಾತ್ರ ಹೊರಗೆ ಕಳಿಸುವ ಸಾಧನಗಳಿವೆ. ಸದ್ದಿನ ಮಟ್ಟ ಅಳೆಯಿರಿ, ಮಾತು ರೆಕಾರ್ಡ್ ಮಾಡಬೇಡಿ. ಏನು ಅಳೆಯುತ್ತಿದ್ದೀರಿ, ಎಷ್ಟು ದಿನ ಇಡುತ್ತೀರಿ, ಯಾರನ್ನು ಕೇಳಬೇಕು ಅನ್ನುವ ಫಲಕ ಬೀದಿಯ ಎರಡೂ ತುದಿಯಲ್ಲಿರಲಿ, ಕುಡಿದವರೂ ಓದುವಷ್ಟು ದೊಡ್ಡ ಅಕ್ಷರದಲ್ಲಿ.

ಹಂತ 8: ಗಟ್ಟಿಮುಟ್ಟು

ಇದು ಬೇಗ ಮುಗಿಯುತ್ತದೆ, ಎಂಜಿನಿಯರ್ ಜೊತೆ ಕೂತು ಮಾಡಿ. ಐಪಿ ಅಂಕಿ ಅಂದರೆ ಧೂಳು, ನೀರು ಒಳಗೆ ಹೋಗದಂತೆ ಸಾಧನ ಎಷ್ಟು ತಡೆಯುತ್ತದೆ ಅನ್ನುವ ಅಳತೆ. ಅದರ ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. ಗೋಡೆಯ ಮೇಲಿನದ್ದಕ್ಕೆ ಐಪಿ 65, ನೆಲದಲ್ಲಿ ಹುದುಗಿಸುವುದಕ್ಕೆ ಐಪಿ 67 ಕೇಳಿ. ಐಕೆ ಅಂಕಿ ಏಟು ತಡೆಯುವ ಶಕ್ತಿ. ಐಕೆ 10 ಅಂದರೆ 5 ಕಿಲೋ ತೂಕ 40 ಸೆಂಟಿಮೀಟರ್ ಮೇಲಿಂದ ಬಿದ್ದರೂ ತಡೆಯಬೇಕು. ಜನ ಮುಟ್ಟುವ ಭಾಗದಲ್ಲಿ 12 ಅಥವಾ 24 ವೋಲ್ಟ್ ಮಾತ್ರ ಇರಲಿ. ಮೂಲ ಲೈನಿಗೆ 30 ಮಿಲಿಆಂಪಿಯರ್ ವಿದ್ಯುತ್ ಸೋರಿದರೂ ಸಂಪರ್ಕ ಕಡಿದುಬಿಡುವ ಬ್ರೇಕರ್ ಹಾಕಿಸಿ. ಬಿಯರ್ ಚೆಲ್ಲೇ ಚೆಲ್ಲುತ್ತದೆ. ನೆಲ ಒದ್ದೆಯಾದಾಗಲೂ ಜಾರಬಾರದು. ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಮಿನುಗುವ ಬೆಳಕು ಬೇಡ, ಮೂರ್ಛೆ ರೋಗ ಇರುವವರಿಗೆ ಅದು ಅಪಾಯ.

ಹಂತ 9: ರಟ್ಟಿನಲ್ಲಿ ಮಾಡಿ ನೋಡಿ

ಪೂರ್ತಿ ಕಟ್ಟುವ ಮುನ್ನ ರಟ್ಟು, ಪ್ಲೈವುಡ್ಡು, ಬ್ಯಾಟರಿ ದೀಪ, ಟೇಪು ಬಳಸಿ ಅದೇ ಅಳತೆಯ ನಕಲು ಮಾಡಿ. ಒಬ್ಬರನ್ನು ಪಕ್ಕದಲ್ಲೇ ಕಾವಲಿಟ್ಟು ನಾಲ್ಕು ವಾರಾಂತ್ಯ ಬೀದಿಯಲ್ಲಿಡಿ. ಮೊದಲ ರಾತ್ರಿಯ ಉತ್ಸಾಹ ನಂಬಬೇಡಿ. ನಾಲ್ಕನೆಯ ವಾರವೂ ಯಾರಾದರೂ ಮುಟ್ಟುತ್ತಿದ್ದಾರಾ ನೋಡಿ.

ಏನು ಬದಲಾಯಿತು ಅಂತ ತಿಳಿಯಲು ಮೊದಲೇ ಅಳೆದಿಟ್ಟಿರಬೇಕು. ಗಾಡಿಗೆ ಕಾದ ನಿಮಿಷ, ಬಾರ್ ಮುಚ್ಚಿದ ಮೇಲೆ ಬೀದಿ ಖಾಲಿಯಾಗಲು ಹಿಡಿದ ಹೊತ್ತು, ಎಷ್ಟು ಮಹಿಳೆಯರು ಒಂಟಿಯಾಗಿ ಆ ದಾರಿ ಆರಿಸಿದರು. ಪೊಲೀಸ್ ದೂರುಗಳ ಅಂಕಿಯನ್ನೂ ತೆಗೆದುಕೊಳ್ಳಿ, ಆದರೆ ಅದನ್ನು ಓದುವಾಗ ಜಾಗ್ರತೆ. ಸಹಾಯ ಕೇಳಲು ಜಾಗ ಸಿಕ್ಕ ಮೇಲೆ ದೂರುಗಳು ಏರಬಹುದು. ಮೊದಲು ನುಂಗಿಕೊಳ್ಳುತ್ತಿದ್ದವರು ಈಗ ಹೇಳುತ್ತಿರುತ್ತಾರೆ. ಪಕ್ಕದ ಎರಡು ಬೀದಿಗಳನ್ನೂ ಎಣಿಸಿ. ನಿಮ್ಮಲ್ಲಿ ಇಳಿದ ಗಲಾಟೆ ಅಲ್ಲಿ ಏರಿದ್ದರೆ ಅದು ಜಾಗ ಬದಲಿಸಿದೆ, ಅಷ್ಟೆ.

ಹಂತ 10: ನೋಡಿಕೊಳ್ಳುವವರು

ಕೆಟ್ಟದ್ದು ಎಷ್ಟು ಗಂಟೆಯಲ್ಲಿ ರಿಪೇರಿ ಆಗಬೇಕು ಅಂತ ಒಪ್ಪಂದದಲ್ಲಿ ಬರೆಸಿ. ಆಗದಿದ್ದರೆ ಅದನ್ನು ಮುಚ್ಚಿಡಲು ಒಂದು ಹೊದಿಕೆ ಸಿದ್ಧವಿರಲಿ. ಮೇಲಿನ ಮನೆಗಳಲ್ಲಿ ಮಲಗುವವರ ಜೊತೆ ಮಾತಾಡಿ ಸದ್ದು ನಿಲ್ಲುವ ಹೊತ್ತು ಗೊತ್ತು ಮಾಡಿ. ಆಮೇಲೆ ಬರೀ ಬೆಳಕು ಕೆಲಸ ಮಾಡಲಿ.

ಇನ್ನೊಂದು, ಮರೆತೇ ಹೋಗುವ ಸಂಗತಿ. ಗುಂಪು ಮಿತಿ ಮೀರಿದರೆ ಆಟವನ್ನು ತಕ್ಷಣ ನಿಲ್ಲಿಸಿ ಬೆಳಕು ಪೂರ್ತಿ ಏರಿಸುವ ಒಂದೇ ಸ್ವಿಚ್ಚು ಬೇಕು. ಅದು ಬೀದಿಯಲ್ಲೇ ಒಂದು ಪೆಟ್ಟಿಗೆಯಲ್ಲಿರಲಿ. ಆ ಪೆಟ್ಟಿಗೆಯ ಬೀಗದ ಕೈ ಶನಿವಾರ ನಡುರಾತ್ರಿ ಯಾರ ಜೇಬಿನಲ್ಲಿರುತ್ತದೆ ಅಂತ ಈಗಲೇ ಬರೆದಿಡಿ. ಒಬ್ಬರದ್ದಲ್ಲ, ಇಬ್ಬರ ಹೆಸರು.